ಮಾತು ಜಾರುವ ಮೊದಲೇ ಮಾತಿನ ಅಭ್ಯಾಸ

ವಯಸ್ಸಾದ ಮೇಲೆ ಪರಿಚಿತರ ಹೆಸರು ಥಟ್ಟನೆ ನೆನಪಾಗದಿರುವುದು ಸಾಮಾನ್ಯ. ಸ್ವಲ್ಪ ಹೊತ್ತಿನ ಮೇಲೆ ಅದು ತಾನಾಗಿಯೇ ನಾಲಿಗೆಗೆ ಬರುತ್ತದೆ. ಆದರೆ ಕೆಲವರಿಗೆ ಹಾಗೆ ಬರುವುದೇ ಇಲ್ಲ. ಮೊದಲು ಹೆಸರುಗಳು, ಆಮೇಲೆ ದಿನಬಳಕೆಯ ಪದಗಳು, ಮುಂದೆ ವಾಕ್ಯಗಳು ಒಂದೊಂದಾಗಿ ಕೈಬಿಡುತ್ತವೆ. ಅಡುಗೆ ಮಾಡುವುದು, ದಾರಿ ಗುರುತಿಸುವುದು, ಹಣದ ಲೆಕ್ಕ ನೋಡುವುದು ಮೊದಲಿನಂತೆಯೇ ಇರುತ್ತವೆ. ಮಾತು ಮಾತ್ರ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಕಿವಿ ಮಂದವಾಗಿದೆ ಎಂದೋ, ಮನಸ್ಸಿಗೆ ಬೇಸರವಾಗಿದೆ ಎಂದೋ ತಿಳಿದು ಮನೆಯವರು ಸುಮ್ಮನಾಗುತ್ತಾರೆ.

ಇದು ಮೆದುಳಿನ ಕಾಯಿಲೆ. ವೈದ್ಯರು ಇದನ್ನು 'ಪ್ರೈಮರಿ ಪ್ರೊಗ್ರೆಸಿವ್ ಅಫೇಸಿಯಾ' ಎನ್ನುತ್ತಾರೆ, ಚಿಕ್ಕದಾಗಿ ಪಿ.ಪಿ.ಎ. ಭಾಷೆಯನ್ನು ನಿಭಾಯಿಸುವ ಭಾಗಗಳು ಬಹುತೇಕ ಜನರಲ್ಲಿ ಮೆದುಳಿನ ಎಡಭಾಗದಲ್ಲಿವೆ. ಅಲ್ಲಿನ ನರಕೋಶಗಳು ನಿಧಾನವಾಗಿ ನಶಿಸುವುದೇ ಈ ಕಾಯಿಲೆಗೆ ಕಾರಣ. ಅನೇಕರಲ್ಲಿ ಇದು 65 ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ.

ಹೀಗೆ ಮಾತು ಕಳೆದುಕೊಂಡ ವೃದ್ಧರೊಬ್ಬರ ವಿವರವನ್ನು ಪ್ರಾಗ್ ನಗರದ ವೈದ್ಯ ಆರ್ನಾಲ್ಡ್ ಪಿಕ್ 1892ರಲ್ಲೇ ದಾಖಲಿಸಿದ್ದರು. ಆದರೆ ಇದು ಪ್ರತ್ಯೇಕ ಕಾಯಿಲೆಯೆಂದು ಗಮನ ಸೆಳೆದದ್ದು 1982ರಲ್ಲಿ, ಅಮೆರಿಕದ ನರರೋಗ ತಜ್ಞ ಮಾರ್ಸೆಲ್ ಮೆಸುಲಮ್ ಆರು ರೋಗಿಗಳ ವಿವರ ಪ್ರಕಟಿಸಿದ ಮೇಲೆ. ಹಾಲಿವುಡ್ ನಟ ಬ್ರೂಸ್ ವಿಲ್ಲಿಸ್ 2022ರಲ್ಲಿ ಅಫೇಸಿಯಾದ ಕಾರಣ ನಟನೆಯಿಂದ ದೂರ ಸರಿದಾಗ ಈ ಪದ ಜನಸಾಮಾನ್ಯರ ಕಿವಿಗೂ ಬಿತ್ತು. ಅವರಿಗಿರುವುದು ಫ್ರಂಟೊಟೆಂಪೊರಲ್ ಡಿಮೆನ್ಶಿಯ ಎಂದು ಕುಟುಂಬದವರು 2023ರಲ್ಲಿ ತಿಳಿಸಿದರು.

ಮೂರು ಬಗೆ

2011ರಲ್ಲಿ ತಜ್ಞರು ಒಟ್ಟುಗೂಡಿ ಪಿ.ಪಿ.ಎ.ಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಮಾತು ತಡವರಿಸುತ್ತದೆ, ವ್ಯಾಕರಣ ಬಿಟ್ಟುಹೋಗುತ್ತದೆ. 'ಪೇಟೆಗೆ ಹೋಗಿ ತರಕಾರಿ ತಂದೆ' ಎನ್ನಬೇಕಾದವರು 'ಪೇಟೆ... ತರಕಾರಿ' ಎಂದು ನಿಲ್ಲಿಸುತ್ತಾರೆ. ಎರಡನೆಯದರಲ್ಲಿ ಮಾತು ಸರಾಗ, ಆದರೆ ಪದದ ಅರ್ಥವೇ ಅಳಿಸಿಹೋಗುತ್ತದೆ. 'ಸೌಟು ಕೊಡಿ' ಎಂದರೆ 'ಸೌಟು ಅಂದರೇನು?' ಎಂದು ಕೇಳುತ್ತಾರೆ. ಮೂರನೆಯದರಲ್ಲಿ ಅರ್ಥ ಗೊತ್ತು, ಪದ ಸಿಗದು. ಉದ್ದನೆಯ ವಾಕ್ಯವನ್ನು ಕೇಳಿ ಹಾಗೆಯೇ ತಿರುಗಿ ಹೇಳಲಾಗದು. ಯಾವ ಬಗೆಯೆಂದು ತಿಳಿಯದೆ ಚಿಕಿತ್ಸೆ ಆರಂಭಿಸಿದರೆ ಪ್ರಯೋಜನ ಕಡಿಮೆ.

ಕಲಿಸಿ ಏನು ಫಲ?

ಪಿ.ಪಿ.ಎ. ವಾಸಿಮಾಡುವ ಔಷಧ ಇಲ್ಲ. ಲಕ್ವ ಹೊಡೆದು ಮಾತು ಹೋದವರಿಗೆ ವಾಕ್ ಚಿಕಿತ್ಸೆ ಕೊಡುವುದು ಹಳೆಯ ರೂಢಿ. ಅಲ್ಲಿ ಮೆದುಳಿಗೆ ಆದ ಪೆಟ್ಟು ಒಮ್ಮೆ ಆಗಿ ನಿಂತಿರುತ್ತದೆ; ಆ ಮೇಲೆ ಚೇತರಿಕೆಗೆ ಅವಕಾಶವಿದೆ. ಇಲ್ಲಿ ಹಾಗಲ್ಲ, ನಷ್ಟ ಮುಂದುವರಿಯುತ್ತಲೇ ಇರುತ್ತದೆ. ನಾಳೆ ಮರೆಯುವುದನ್ನು ಇಂದು ಕಲಿಸಿ ಏನು ಫಲ ಎಂಬ ಪ್ರಶ್ನೆ ಸಹಜ. ಆದರೆ ಕಾಯಿಲೆಯನ್ನು ತಡೆಯುವುದು ಈ ಚಿಕಿತ್ಸೆಯ ಗುರಿಯಲ್ಲ. ರೋಗಿಗೆ ತೀರ ಬೇಕಾದ ಮಾತುಗಳನ್ನು ಇನ್ನಷ್ಟು ಕಾಲ ಉಳಿಸಿಕೊಡುವುದು, ಮಾತಿಲ್ಲದ ದಿನಗಳಿಗೆ ಮನೆಯನ್ನು ಸಿದ್ಧಗೊಳಿಸುವುದು ಇದರ ಗುರಿ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮಾಯಾ ಹೆನ್ರಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಮೊದಲನೆಯ ಬಗೆಯ ತೊಂದರೆಯಿದ್ದ 10 ಮಂದಿ ಅದರಲ್ಲಿ ಪಾಲ್ಗೊಂಡರು. ಪ್ರತಿಯೊಬ್ಬರೂ ತಮ್ಮ ಬದುಕಿಗೆ ಬೇಕಾದ ವಿಷಯ ಆರಿಸಿಕೊಂಡರು. ಅದರ ಬಗ್ಗೆ ಅವರವರ ಶಕ್ತಿಗೆ ತಕ್ಕ ಕೆಲವೇ ವಾಕ್ಯಗಳ ಪಾಠ ಸಿದ್ಧವಾಯಿತು. ಬೇರೊಬ್ಬರು ಆ ವಾಕ್ಯಗಳನ್ನು ಹೇಳುವ ವಿಡಿಯೋದಲ್ಲಿ ತುಟಿಯ ಚಲನೆ ನೋಡುತ್ತಾ, ಅವರ ಜೊತೆಜೊತೆಗೇ ದನಿಗೂಡಿಸುವುದು ಮನೆಯ ಅಭ್ಯಾಸ. ಅದಲ್ಲದೆ ಚಿಕಿತ್ಸಕರೊಂದಿಗೆ ಪಾಠ ಬೇರೆ. ಅಭ್ಯಾಸ ಮಾಡಿದ ವಾಕ್ಯಗಳು ಸ್ಪಷ್ಟವಾಗಿ, ತಪ್ಪು ಕಡಿಮೆಯಾಗಿ ಬರತೊಡಗಿದವು. ಕಾಯಿಲೆ ಮುಂದುವರಿಯುತ್ತಿದ್ದರೂ ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು.

ಇಂಥ ಅಭ್ಯಾಸಕ್ಕೆ ಮಿತಿಯೂ ಇದೆ. ಪದದ ಅರ್ಥ ಅಳಿಸುವ ಎರಡನೆಯ ಬಗೆಯ ರೋಗಿಯೊಬ್ಬರ ಅನುಭವವನ್ನು ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಶೋಧಕರು 1999ರಲ್ಲಿ ವರದಿ ಮಾಡಿದರು. ಆತ ಚಿತ್ರಗಳಿದ್ದ ನಿಘಂಟು ಹಿಡಿದು ಪ್ರತಿದಿನ ಪದಗಳನ್ನು ಉರುಹೊಡೆದರು. ಪದಗಳು ಮರಳಿದವು. ಅಭ್ಯಾಸ ನಿಲ್ಲಿಸಿದ ಮೇಲೆ ಮತ್ತೆ ಜಾರಿಹೋದವು. ಮೇಲಾಗಿ ಒಂದು ಪದ ಕಲಿತ ಮಾತ್ರಕ್ಕೆ ಅದರ ಪಕ್ಕದ ಪದ ತಾನಾಗಿ ಬರುವುದು ಅಪರೂಪ.

ಆದ್ದರಿಂದ ಯಾವ ಪದ ಎಂಬ ಆಯ್ಕೆಯೇ ಮುಖ್ಯ. ಮಕ್ಕಳ ಪುಸ್ತಕದಲ್ಲಿರುವ ಜಿರಾಫೆ ಬೇಡ. ಮನೆಮಂದಿಯ ಹೆಸರು, ನಿತ್ಯದ ಮಾತ್ರೆ, ಇಷ್ಟದ ತಿಂಡಿ, ಕನ್ನಡಕ, ಬೀಗದ ಕೈ ಬೇಕು. ಚಿತ್ರವೂ ಯಾವುದೋ ಲೋಟದ್ದಾಗಬಾರದು, ಅವರು ದಿನಾ ಕಾಫಿ ಕುಡಿಯುವ ಲೋಟದ ಫೋಟೋ ಆಗಿರಬೇಕು. ಪದ ಸಿಗದೇ ಹೋದರೆ ಅದಕ್ಕೆ ದಾರಿ ಹುಡುಕುವುದನ್ನೂ ಕಲಿಸುತ್ತಾರೆ: ಇದನ್ನು ಎಲ್ಲಿ ಬಳಸುತ್ತೇವೆ? ಕೊನೆಯ ಸಲ ಬಳಸಿದ್ದು ಯಾವಾಗ? ಮೊದಲ ಅಕ್ಷರ ಯಾವುದು? ಅದನ್ನು ಬರೆಯಲಾದೀತೇ?

ತಲೆಗೆ ಅತಿ ಸೌಮ್ಯವಾದ ವಿದ್ಯುತ್ ಹರಿಸಿ, ಅದರ ಜೊತೆಗೇ ಪದಗಳ ಅಭ್ಯಾಸ ಮಾಡಿಸುವ ವಿಧಾನವನ್ನು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಮೊದಲಾದೆಡೆ ಪರೀಕ್ಷಿಸಲಾಗಿದೆ. ಇದು ಇನ್ನೂ ಸಂಶೋಧನೆಯ ವಿಷಯ. ಮನೆಯಲ್ಲಿ ಮಾಡಿನೋಡುವಂಥದ್ದಲ್ಲ.

ಮನೆಯವರಿಗೂ ಪಾಠ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಆನ್ನಾ ವೋಲ್ಕ್‌ಮರ್ ಮತ್ತು ಸಂಗಡಿಗರು ರೂಪಿಸಿದ ಚಿಕಿತ್ಸೆಯಲ್ಲಿ ರೋಗಿಯ ಜೊತೆ ಮನೆಯವರೂ ವಿದ್ಯಾರ್ಥಿಗಳು. ಇಬ್ಬರೂ ಮಾತನಾಡುವುದನ್ನು ವಿಡಿಯೋ ಮಾಡಿ, ಮಾತು ಎಲ್ಲಿ ಕಡಿಯಿತು, ಎಲ್ಲಿ ಸಾಗಿತು ಎಂದು ಅವರೇ ನೋಡುತ್ತಾರೆ. ಎಡವಿಸುವುದನ್ನು ಬಿಟ್ಟು ನೆರವಾಗುವುದನ್ನು ರೂಢಿಸಿಕೊಳ್ಳುತ್ತಾರೆ.

ಪ್ರೀತಿಯಿಂದಲೇ ಆಗುವ ತಪ್ಪುಗಳು ಹಲವು. ಎಲ್ಲರಿಗೂ ಗೊತ್ತಿರುವುದನ್ನೇ ಎದುರಿಗೆ ಹಿಡಿದು 'ಇದೇನು ಹೇಳಿ ನೋಡೋಣ' ಎಂದು ಕೇಳುವುದು ಅವುಗಳಲ್ಲಿ ಒಂದು. ಹಿರಿಯರಿಗೆ ಅದು ದಿನವೂ ಪರೀಕ್ಷೆ, ದಿನವೂ ಅವಮಾನ. ಕಿವಿ ಕೇಳುವವರ ಎದುರು ಕೂಗಿ ಮಾತಾಡುವುದು, ಅವರ ವಾಕ್ಯವನ್ನು ಅವಸರದಿಂದ ತಾವೇ ಮುಗಿಸುವುದು, ಅವರೆದುರಿಗೇ 'ಇವರಿಗೇನೂ ತಿಳಿಯುವುದಿಲ್ಲ' ಎನ್ನುವುದು ಇನ್ನು ಕೆಲವು.

ಅದರ ಬದಲು ಟಿ.ವಿ. ಆರಿಸಿ ಎದುರಿಗೆ ಕುಳಿತು ಮಾತಾಡಬಹುದು. ಒಂದು ಸಲಕ್ಕೆ ಒಂದೇ ವಿಷಯ ಸಾಕು. 'ಏನು ಕುಡಿಯುತ್ತೀರಿ?' ಎನ್ನುವುದಕ್ಕಿಂತ 'ಕಾಫಿಯೋ, ಮಜ್ಜಿಗೆಯೋ?' ಎಂಬ ಪ್ರಶ್ನೆಗೆ ಉತ್ತರಿಸುವುದು ಸುಲಭ. ಪದದ ಅರ್ಥವೇ ಮರೆತವರಿಗೆ ಎರಡನ್ನೂ ತಂದು ತೋರಿಸಬೇಕಾದೀತು. ಉತ್ತರಕ್ಕೆ ಕಾಯಬೇಕು. ಕೈಸನ್ನೆ, ಚಿತ್ರ, ಬರವಣಿಗೆ ಇವೂ ಮಾತೇ ಎಂದು ತಿಳಿಯಬೇಕು. ದಿನಕ್ಕೆ ಅರ್ಧ ಗಂಟೆ ತಾತನ ಜೊತೆ ಕುಳಿತು ಅಭ್ಯಾಸ ಮಾಡಿಸುವುದು ಮೊಮ್ಮಕ್ಕಳಿಂದ ಆಗದ ಕೆಲಸವೇನಲ್ಲ.

ಕೂಡಿಡುವ ಕೆಲಸ

ಮಾತು ಇರುವಾಗಲೇ ಮುಗಿಸಬೇಕಾದ ಕೆಲಸಗಳೂ ಇವೆ. ಮನೆಮಂದಿಯ ಫೋಟೋ, ಹೆಸರು, ಹುಟ್ಟಿದೂರು, ಮಾಡಿದ ಕೆಲಸ, ಇಷ್ಟಾನಿಷ್ಟಗಳನ್ನು ಒಂದು ಪುಸ್ತಕದಲ್ಲಿ ಜೋಡಿಸಿದರೆ ಮುಂದೆ ಬೆರಳಿಟ್ಟು ತೋರಿಸಿ ಸಂಭಾಷಿಸಬಹುದು. ಅವರ ದನಿಯನ್ನೇ ಧ್ವನಿಮುದ್ರಿಸಿ ಇಡಬಹುದು. ಆಸ್ತಿ, ಹಣಕಾಸು, ಚಿಕಿತ್ಸೆಯ ಬಗ್ಗೆ ಅವರ ಇಚ್ಛೆಯನ್ನು ಅವರ ಬಾಯಿಂದಲೇ ಕೇಳಿ ತಿಳಿದುಕೊಳ್ಳುವ ಕಾಲವೂ ಇದೇ. 'ನನಗೆ ಮಾತಿನ ತೊಂದರೆಯಿದೆ, ಸ್ವಲ್ಪ ಸಮಯ ಕೊಡಿ' ಎಂದು ಬರೆದ ಚೀಟಿ ಜೇಬಿನಲ್ಲಿದ್ದರೆ ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಮುಜುಗರ ತಪ್ಪುತ್ತದೆ.

ನಮ್ಮಲ್ಲಿ ಮನೆಯೊಳಗೆ ತುಳುವೋ ಕೊಂಕಣಿಯೋ ಉರ್ದುವೋ, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರು ಬಹಳ. ಅಭ್ಯಾಸಕ್ಕೆ ಯಾವ ಭಾಷೆ ಎಂಬುದನ್ನು ಚಿಕಿತ್ಸಕರೊಂದಿಗೆ ಕುಳಿತು ನಿರ್ಧರಿಸಬೇಕು. ರೋಗಿ ದಿನವಿಡೀ ಯಾರೊಂದಿಗೆ ಇರುತ್ತಾರೆ ಎಂಬುದು ಅಲ್ಲಿ ಮುಖ್ಯ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ವಿಷಯ ಬಲ್ಲ ತಜ್ಞರಿದ್ದಾರೆ. ಮೈಸೂರಿನ ಸಂಸ್ಥೆಯಲ್ಲಿ ಪಿ.ಯು.ಸಿ. ವಿಜ್ಞಾನ ಓದಿದವರಿಗೆ ಇದೇ ವಿಷಯದ ಪದವಿ ಶಿಕ್ಷಣವೂ ಉಂಟು. ವೈದ್ಯಕೀಯ, ಎಂಜಿನಿಯರಿಂಗ್ ಬಿಟ್ಟು ಬೇರೆ ದಾರಿ ಹುಡುಕುವ ವಿದ್ಯಾರ್ಥಿಗಳು ಇತ್ತ ಗಮನ ಹರಿಸಬಹುದು.

ಮಾತು ಇದ್ದಕ್ಕಿದ್ದಂತೆ ತಪ್ಪಿದರೆ ಅದು ಲಕ್ವ ಇರಬಹುದು, ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ತಿಂಗಳುಗಟ್ಟಲೆ ಪದಗಳು ತಡೆದು ನಿಲ್ಲುತ್ತಿದ್ದರೆ 'ವಯಸ್ಸಾಯಿತು' ಎಂದು ಬಿಡದೆ ನರರೋಗ ತಜ್ಞರಿಗೆ ತೋರಿಸಬೇಕು. ಅಭ್ಯಾಸಕ್ಕೆ ಬೇಕಾದಷ್ಟು ಮಾತು ಉಳಿದಿರುವುದು ಆ ಮೊದಲ ದಿನಗಳಲ್ಲಿಯೇ.