ಕಾಲಾಳು: ಒಂದು ಪದದ ಅರ್ಥ ಮತ್ತು ಚರಿತ್ರೆ

ಚತುರಂಗಬಲದ ವರ್ಣನೆಗಳಲ್ಲಿ ರಥ, ಆನೆ, ಕುದುರೆಗಳ ಬಳಿಕ ಬರುವ ಕಾಲಾಳು ಬಹುಮಟ್ಟಿಗೆ ಒಂದು ಸಂಖ್ಯೆ ಮಾತ್ರ. ಇಂದಿನ ಬಳಕೆಯಲ್ಲಿಯೂ ‘ಪಕ್ಷದ ಕಾಲಾಳು’ ಎಂದರೆ ಹೆಸರಿಲ್ಲದೆ ದುಡಿಯುವವನು. ಈ ಅರ್ಥವನ್ನೇ ಹಿಂದಕ್ಕೆ ಒಯ್ದು ಹಳಗನ್ನಡದ ಪಠ್ಯಗಳನ್ನೂ ಶಾಸನಗಳನ್ನೂ ಓದಿದರೆ ಪದದ ಒಡಲಲ್ಲಿರುವ ಮುಖ್ಯವಾದ ಸಂಬಂಧವೊಂದು ಕಣ್ಮರೆಯಾಗುತ್ತದೆ.

ಪದದ ರಚನೆ

ಸಂಸ್ಕೃತದ ‘ಪದಾತಿ’ ಎಂದರೆ ಕಾಲ್ನಡಿಗೆಯಲ್ಲಿ ಹೋಗುವವನು. ಅಲ್ಲಿ ಒತ್ತು ನಡಿಗೆಯ ಮೇಲಿದೆ. ಕನ್ನಡದ ‘ಕಾಲಾಳ್’ ಎಂಬಲ್ಲಿ ‘ಕಾಲ್’ ವಿಶೇಷಣ, ‘ಆಳ್’ ಪ್ರಧಾನ ಪದ. ಮನುಷ್ಯ, ಸೇವಕ, ಯೋಧ ಎಂಬ ಮೂರು ಅರ್ಥಗಳೂ ‘ಆಳ್’ ಎಂಬ ನಾಮಪದಕ್ಕಿವೆ. ಅದೇ ರೂಪದ ‘ಆಳ್’ ಧಾತುವಿಗೆ ಒಡೆತನ ನಡೆಸು ಎಂದರ್ಥ. ಅದರಿಂದಲೇ ಒಡೆಯನೆಂಬ ಅರ್ಥದ ‘ಆಳ್ದಂ’ ಬರುತ್ತದೆ. ನಾಮ ಮತ್ತು ಧಾತುಗಳ ಮೂಲಸಂಬಂಧ ಏನೇ ಇರಲಿ, ಬಳಕೆಯಲ್ಲಿ ಆಳ್ ಮತ್ತು ಆಳ್ದಂ ಜೋಡಿಪದಗಳು. ಆಳ್ದನಿಲ್ಲದ ಆಳಿಲ್ಲ. ಆದ್ದರಿಂದ ಕಾಲಾಳು ಎಂದರೆ ವಾಹನವಿಲ್ಲದ ಯೋಧ ಎಂದಷ್ಟೇ ಹೇಳಿದರೆ ಸಾಲದು. ಅವನು ಒಬ್ಬ ಒಡೆಯನಿಗೆ ಸೇರಿದವನು. ಸಂಸ್ಕೃತದ ‘ಭಟ’ದಿಂದ ಬಂದ ‘ಬಂಟ’ ಎಂಬ ತದ್ಭವವೂ ಕನ್ನಡದಲ್ಲಿ ಯೋಧ ಮತ್ತು ನಂಬಿಕೆಯ ಸೇವಕ ಎಂಬ ಎರಡೂ ಅರ್ಥಗಳನ್ನು ಪಡೆದದ್ದು ಇದಕ್ಕೆ ಪೂರಕ.

ಶಾಸ್ತ್ರಗಳ ಎಣಿಕೆ

ಸೇನಾಗಣನೆಯಲ್ಲಿ ಅತಿ ಚಿಕ್ಕ ಘಟಕದ ಹೆಸರು ‘ಪತ್ತಿ’: ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು. ಕಾಲಾಳಿಗೂ ‘ಪತ್ತಿ’ ಎಂಬ ಹೆಸರಿರುವುದು ಗಮನಾರ್ಹ. ಇದೇ ಪ್ರಮಾಣದಲ್ಲಿ ಬೆಳೆದ ಅಕ್ಷೌಹಿಣಿಯಲ್ಲಿ 21,870 ರಥಗಳು, ಅಷ್ಟೇ ಆನೆಗಳು, 65,610 ಕುದುರೆಗಳು, 1,09,350 ಕಾಲಾಳುಗಳು. ಇದು ಆದರ್ಶದ ಗಣಿತ. ಯಾವ ದೊರೆಯ ಸೈನ್ಯದ ಲೆಕ್ಕವೂ ಅಲ್ಲ. ಕೌಟಿಲ್ಯನ ಮಾತು ವಾಸ್ತವಕ್ಕೆ ಹತ್ತಿರ. ಎಲ್ಲ ನೆಲದಲ್ಲಿಯೂ ಎಲ್ಲ ಕಾಲದಲ್ಲಿಯೂ ಆಯುಧ ಹೊತ್ತು ಹೋರಾಡುವುದು ಪದಾತಿಯ ಕೆಲಸವೆಂದು ಅವನ ನಿರೂಪಣೆ. ಕೆಸರು, ಕಾಡು, ಕೋಟೆಯ ಗೋಡೆಗಳ ಮುಂದೆ ರಥ ನಿಲ್ಲುತ್ತದೆ, ಕುದುರೆ ನಿಲ್ಲುತ್ತದೆ, ಕಾಲಾಳು ನಿಲ್ಲುವಂತಿಲ್ಲ.

ಕಲ್ಲಿನ ಸಾಕ್ಷ್ಯ

ಕಾವ್ಯ ಎಣಿಸಿದವನನ್ನು ಶಾಸನ ಹೆಸರಿಸುತ್ತದೆ. ವೀರಗಲ್ಲಿನ ಸಾಮಾನ್ಯ ವಿನ್ಯಾಸದಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ದೇವಸನ್ನಿಧಿ. ಕೆಳಪಟ್ಟಿಕೆಯ ವೀರ ಬಹಳ ಕಡೆ ನೆಲದ ಮೇಲೆ ನಿಂತವನೇ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಸಂದರ್ಭಗಳಲ್ಲಿ ಮಡಿದ ಇವರಲ್ಲಿ ಎಲ್ಲರೂ ಸಂಬಳದ ಸೈನಿಕರಲ್ಲ; ದನ ಕಾಯಲು, ಊರು ಉಳಿಸಲು ಆಯುಧ ಹಿಡಿದವರೂ ಇದ್ದಾರೆ. ಹಾಗಾಗಿ ನಿಂತು ಕಾದುವ ಪ್ರತಿಯೊಂದು ಆಕೃತಿಯನ್ನೂ ‘ಪದಾತಿ’ ಎಂದು ವರ್ಗೀಕರಿಸುವುದು ಸರಿಯಲ್ಲ. ಚಿತ್ರ, ಶಾಸನದ ಕ್ರಿಯಾಪದ, ದತ್ತಿಯ ಸ್ವರೂಪ ಮೂರನ್ನೂ ಕೂಡಿಸಿ ಓದಬೇಕು.

ದತ್ತಿಗಳ ಪರಿಭಾಷೆ ಇಲ್ಲಿ ಬಹಳ ನೆರವಾಗುತ್ತದೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿಯೇ ‘ಬಾಳ್ಗಳ್ಚು’, ಎಂದರೆ ಕತ್ತಿ ತೊಳೆಯುವ ಗೌರವದೊಡನೆ ಕೊಟ್ಟ ದತ್ತಿ, ಕಾಣಿಸಿಕೊಳ್ಳುತ್ತದೆ. ಸುಮಾರು ಐದು ನೂರು ವರ್ಷಗಳ ಅನಂತರ ತಕ್ಕೋಲದ ಕಾಳಗದ ಹಿನ್ನೆಲೆಯ ಆತಕೂರು ಶಾಸನದಲ್ಲಿ ಗಂಗ ಬೂತುಗನು ಮಣಲೆರನಿಗೆ ಕೊಟ್ಟದ್ದೂ ಬಾಳ್ಗಚ್ಚೇ. ವಿಜಅರಸನಾಗಲಿ ಮಣಲೆರನಾಗಲಿ ಸಾಮಾನ್ಯ ಕಾಲಾಳುಗಳಲ್ಲ. ಬದುಕಿದ ನಾಯಕನಿಗೆ ಬಾಳ್ಗಚ್ಚು. ಮಡಿದವನ ಮನೆಯವರಿಗೆ ಕಲ್ನಾಡು, ನೆತ್ತರುಗೊಡಗೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ನಾಗತ್ತರನ ಹೆಸರನ್ನು ಹೇಳುತ್ತದೆ. ಅವನ ಸುತ್ತ ಹೋರಾಡುವ, ಕೆಳಗೆ ಬಿದ್ದಿರುವ ಕಾಲಾಳುಗಳ ಹೆಸರನ್ನು ಹೇಳುವುದಿಲ್ಲ. ಕಲ್ಲಿನ ಸ್ಮೃತಿಗೂ ಒಂದು ಮಿತಿ ಇದೆ.

ಜೋಳದ ಋಣ

ಆಳು ಮತ್ತು ಒಡೆಯನನ್ನು ಬೆಸೆದದ್ದು ಅನ್ನ. ಒಡೆಯನ ಜೋಳ ಉಂಡವನು ಪ್ರಾಣದಿಂದ ಆ ಋಣ ತೀರಿಸುವ ಕಟ್ಟಳೆಯೇ ‘ಜೋಳವಾಳಿ’. ‘ಪಾಳಿ’ ಎಂದರೆ ಕ್ರಮ, ಕರ್ತವ್ಯ. ಸಮಾಸದಲ್ಲಿ ಪಕಾರ ವಕಾರವಾಗಿದೆ. ‘ವೇಳೆವಾಳಿ’, ‘ಲೆಂಕವಾಳಿ’ಗಳು ಇದೇ ಬಗೆಯ ರಚನೆಗಳು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಈ ಬಗೆಯ ನಿಷ್ಠೆಗಳನ್ನು ಶಾಸನಾಧಾರದಿಂದ ವಿವರಿಸಿತು. ಆದರೆ ಇವು ಒಂದೇ ಅಲ್ಲ. ಹಳೇಬೀಡಿನ ಕಂಬದ ಶಾಸನದಲ್ಲಿ ಸ್ಮರಣೆಗೊಂಡ ಕುವರಲಕ್ಷ್ಮನಂತಹ ಗರುಡನು ಒಡೆಯನ ಸಾವಿನೊಡನೆ ತಾನೂ ಪ್ರಾಣ ಕೊಡುವ ವ್ರತಿ. ಜೋಳದ ಋಣವಾದರೋ ರಣದಲ್ಲಿ ತೀರುವಂಥದು. ‘ಸ್ವಾಮಿನಿಷ್ಠೆ’ ಎಂಬ ಒಂದೇ ಪದದಿಂದ ಎರಡನ್ನೂ ಅನುವಾದಿಸಿದರೆ ಈ ಅಂತರ ಅಳಿಯುತ್ತದೆ.

ಕಡಲಾಚೆಯ ಕುದುರೆ, ಊರಿನ ಆಳು

ಈ ಅಂತರಕ್ಕೆ ಆರ್ಥಿಕ ಹಿನ್ನೆಲೆಯೂ ಇದೆ. ಒಳ್ಳೆಯ ಯುದ್ಧಾಶ್ವಗಳು ದಕ್ಷಿಣ ಭಾರತಕ್ಕೆ ಕಡಲ ಮೂಲಕ ಬರಬೇಕಿತ್ತು. ಇಂದು ಮಸ್ಕತ್ ನಗರದ ಭಾಗವಾಗಿರುವ ಅಲ್ ಗುಬ್ರಾ ಇರುವ ಒಮಾನ್ ಕರಾವಳಿಯಲ್ಲೇ, ಆಗ್ನೇಯಕ್ಕೆ, ಕಲ್ಹಾತ್ ಎಂಬ ಪ್ರಾಚೀನ ಬಂದರಿದೆ. ಅಲ್ಲಿಂದ ಭಾರತಕ್ಕೆ ಕುದುರೆಗಳು ಹೋಗುತ್ತಿದ್ದುದನ್ನು ಮಾರ್ಕೊ ಪೋಲೊ ದಾಖಲಿಸಿದ್ದಾನೆ. ಹಂಪೆಯ ಹಜಾರ ರಾಮ ದೇವಾಲಯದ ಹೊರಗೋಡೆಯ ಮೇಲೆ ಕುದುರೆಗಳ ಸಾಲೂ ಕಾಲಾಳುಗಳ ಸಾಲೂ ಒಟ್ಟಿಗೆ ಸಾಗುತ್ತವೆ. ಕುದುರೆಗೆ ಖಜಾನೆಯ ಹೊನ್ನು ಬೇಕು; ಕಾಲಾಳು ಊರಿನ ಜೋಳದಿಂದ ಬೆಳೆದವನು. ಸೈನ್ಯದಲ್ಲಿ ಅವನ ಸಂಖ್ಯೆ ಹೆಚ್ಚಾಗಿ ಬೆಲೆ ಕಡಿಮೆಯಾದದ್ದು ಇದರಿಂದಲೇ.

ಪದದ ಇಳಿತ

ಮುಂದಿನ ಕಾಲದಲ್ಲಿ ಪಾರಸಿಯ ‘ಪಿಯಾದಾ’ ಕನ್ನಡಕ್ಕೆ ಬಂದು ‘ಪ್ಯಾದೆ’, ‘ಪೇದೆ’ಯಾಯಿತು, ಕಾಲ್ನಡಿಗೆಯ ಯೋಧ ಪೊಲೀಸ್ ಪೇದೆಯಾದ. ‘ಆಳು’ ಹೊಲದ ಕೂಲಿಯವನಾದ. ಹೀಗೆ ಕೆಳಗಿಳಿದ ಅರ್ಥಗಳೇ ಇಂದಿನ ಓದುಗನ ಕಿವಿಯಲ್ಲಿ ಮೊದಲು ಮೊಳಗುತ್ತವೆ. ಹಳಗನ್ನಡ ಪಠ್ಯದ ಸಂಪಾದಕನೂ ಅನುವಾದಕನೂ ಎಚ್ಚರವಹಿಸಬೇಕಾದದ್ದು ಇಲ್ಲಿಯೇ. ‘ಆಳ್’ ಎಂಬುದನ್ನು ಸಂದರ್ಭ ನೋಡದೆ ಸೇವಕನೆಂದರೆ ಯೋಧ ಕಳೆದುಹೋಗುತ್ತಾನೆ. ಸೈನಿಕನೆಂದಷ್ಟೇ ಹೇಳಿದರೆ ಅವನು ಉಂಡ ಜೋಳವೂ ತೀರಿಸಿದ ಋಣವೂ ಕಳೆದುಹೋಗುತ್ತವೆ.