ಬಣ್ಣ ಹಿಡಿಯದ ಕೋಶಗಳು

ಕುತ್ತಿಗೆಯಲ್ಲಿ ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡು ಸಾಮಾನ್ಯವಾಗಿ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದ ಕ್ಯಾಲ್ಸಿಯಂ ಹದದಲ್ಲಿಡುವುದು ಅವುಗಳ ಕೆಲಸ. ಅಲ್ಲೊಂದು ಗಡ್ಡೆ ಬೆಳೆದರೆ ಆ ಗ್ರಂಥಿಯ ಹಾರ್ಮೋನು ಮಿತಿಮೀರಿ ಮೂಳೆ ಸವೆಯುತ್ತದೆ, ಕಿಡ್ನಿಯಲ್ಲಿ ಕಲ್ಲಾಗುತ್ತದೆ. ಇಂಥ ಗಡ್ಡೆಗಳಲ್ಲಿ ಬಹುಪಾಲು ನಿರಪಾಯಕಾರಿ. ಕ್ಯಾನ್ಸರ್ ತೀರಾ ಅಪರೂಪ. ಆದರೆ ಆ ಅಪರೂಪದ್ದನ್ನು ಗುರುತಿಸಲು ವೈದ್ಯರು ದಶಕಗಟ್ಟಲೆ ಒದ್ದಾಡಿದ್ದಾರೆ. ಸೂಜಿ ಚುಚ್ಚಿ ಪರೀಕ್ಷಿಸಿದರೆ ಸ್ಪಷ್ಟ ಉತ್ತರ ಸಿಗದು, ಕೋಶಗಳು ಚೆಲ್ಲಿ ಹರಡುವ ಭಯ ಬೇರೆ.

1973ರಲ್ಲಿ ಶಾಂಟ್ಸ್ ಮತ್ತು ಕ್ಯಾಸಲ್‌ಮನ್ 70 ಪ್ರಕರಣಗಳನ್ನು ಪರಿಶೀಲಿಸಿ ಕೆಲವು ಲಕ್ಷಣಗಳನ್ನು ಹೇಳಿದರು: ದಪ್ಪ ನಾರಿನ ಪಟ್ಟಿಗಳು, ವಿಭಜನೆಯಾಗುತ್ತಿರುವ ಕೋಶಗಳು, ಹೊದಿಕೆಯನ್ನೂ ರಕ್ತನಾಳವನ್ನೂ ಹೊಕ್ಕ ಗಡ್ಡೆ. ತೊಡಕೆಂದರೆ, ಇವುಗಳಲ್ಲಿ ಕೆಲವು ನಿರಪಾಯಕಾರಿ ಗಡ್ಡೆಯಲ್ಲೂ ಕಾಣುತ್ತವೆ.

ದಾರಿ ತೋರಿಸಿದ್ದು ದವಡೆ. ಕೆಲವು ಕುಟುಂಬಗಳಲ್ಲಿ ಪ್ಯಾರಾಥೈರಾಯ್ಡ್ ಗಡ್ಡೆಯ ಜೊತೆಗೆ ದವಡೆಯಲ್ಲೂ ಗಡ್ಡೆ ಬರುತ್ತಿತ್ತು; ಅವರಲ್ಲಿ ಪ್ಯಾರಾಥೈರಾಯ್ಡ್ ಕ್ಯಾನ್ಸರ್ ಕೂಡ ಹೆಚ್ಚು. 2002ರಲ್ಲಿ ಇದರ ಹಿಂದಿನ ಜೀನ್ ಸಿಕ್ಕಿತು: ಎಚ್‌ಆರ್‌ಪಿಟಿ2, ಈಗಿನ ಹೆಸರು ಸಿಡಿಸಿ73. ಅದು ತಯಾರಿಸುವ ಪ್ರೋಟೀನಿಗೆ ಪ್ಯಾರಾಫೈಬ್ರೊಮಿನ್ ಎಂದು ಹೆಸರಿಟ್ಟರು. ಮರುವರ್ಷವೇ, ಕುಟುಂಬದಲ್ಲಿ ಕಾಯಿಲೆಯ ಸುಳಿವಿಲ್ಲದ 15 ಕ್ಯಾನ್ಸರ್ ರೋಗಿಗಳನ್ನು ಪರೀಕ್ಷಿಸಿದಾಗ ಹತ್ತು ಮಂದಿಯ ಗಡ್ಡೆಯಲ್ಲಿ ಈ ಜೀನ್ ಕೆಟ್ಟಿತ್ತು.

2004ರಲ್ಲಿ ಈ ಪ್ರೋಟೀನನ್ನು ಹುಡುಕುವುದೇ ಲ್ಯಾಬಿನ ಪರೀಕ್ಷೆಯಾಯಿತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾದ ಪದರ ಕೊಯ್ದು ಸ್ಲೈಡಿನ ಮೇಲೆ ಹಾಸಿ, ಆ ಪ್ರೋಟೀನನ್ನು ಗುರುತಿಸುವಂತೆ ಬಣ್ಣ ಹಾಕುತ್ತಾರೆ. ಪ್ಯಾರಾಫೈಬ್ರೊಮಿನ್ ಇರುವ ಕಡೆ ಕೋಶಕೇಂದ್ರಕ್ಕೆ ಕಂದು ಬಣ್ಣ ಹತ್ತುತ್ತದೆ. ಜೀನ್ ಕೆಟ್ಟ ಕ್ಯಾನ್ಸರಿನಲ್ಲಿ ಗಡ್ಡೆಯ ಕೋಶಗಳೆಲ್ಲ ಬರಿಯ ನೀಲಿ, ನಡುವೆ ಹಾದ ರಕ್ತನಾಳದ ಕೋಶಗಳು ಮಾತ್ರ ಕಂದು. ನನಗೆ ಬಹಳ ಹಿಡಿಸಿದ್ದು ಇದೇ: ಬಣ್ಣ ಸರಿಯಾಗಿ ಕೂತಿದೆ ಎಂಬುದಕ್ಕೆ ಸಾಕ್ಷಿ ಅದೇ ಸ್ಲೈಡಿನಲ್ಲಿದೆ. ಆ ಕಂದು ಕಾಣದಿದ್ದರೆ ಪೆಥಾಲಜಿಸ್ಟ್ ತೀರ್ಪು ಕೊಡುವಂತಿಲ್ಲ.

ಮೊದಲ ಫಲಿತಾಂಶ ಬಲು ಆಶಾದಾಯಕವಾಗಿತ್ತು. ಆಮೇಲೆ ಪ್ಯಾರಾಫೈಬ್ರೊಮಿನ್ ಉಳಿದಿರುವ ಕ್ಯಾನ್ಸರುಗಳೂ ಕಂಡವು. ಹಾಗಾಗಿ ಗ್ಯಾಲೆಕ್ಟಿನ್-3, ಪಿಜಿಪಿ9.5, ಕೆಐ-67 ಎಂಬ ಬೇರೆ ಪ್ರೋಟೀನ್ ಗುರುತುಗಳನ್ನೂ ಜೊತೆಗಿಟ್ಟು ನೋಡುತ್ತಾರೆ. ಇಷ್ಟಾದರೂ ಗಡ್ಡೆ ಸುತ್ತಲಿನ ಅಂಗಾಂಶಕ್ಕೋ ರಕ್ತನಾಳಕ್ಕೋ ನುಗ್ಗಿದೆಯೇ, ದೂರಕ್ಕೆ ಹರಡಿದೆಯೇ ಎಂಬುದೇ ಇಂದಿಗೂ ಅಂತಿಮ ಮಾತು.

ಆದರೂ ಈ ಪರೀಕ್ಷೆಯ ಉಪಯೋಗ ಆ ಒಬ್ಬ ರೋಗಿಗೆ ನಿಲ್ಲುವುದಿಲ್ಲ. ಆ 15 ಮಂದಿಯಲ್ಲಿ ಮೂವರಿಗೆ ದೋಷ ಹುಟ್ಟಿನಿಂದಲೇ ಇತ್ತು, ಅಂದರೆ ಮಕ್ಕಳಿಗೂ ದಾಟಬಹುದಾದದ್ದು. ಅದಕ್ಕೇ ಗಡ್ಡೆಯ ಕೋಶಗಳಲ್ಲಿ ಕಂದು ಮಾಯವಾದರೆ ರೋಗಿಯ ರಕ್ತದಲ್ಲೂ ಆ ಜೀನನ್ನು ಪರೀಕ್ಷಿಸಬೇಕು. ದೋಷವಿದ್ದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆಸಬೇಕು. ಅದೇ ದೋಷ ಅವರಲ್ಲೂ ಕಂಡರೆ ಆಗಾಗ ಕ್ಯಾಲ್ಸಿಯಂ ಪರೀಕ್ಷೆ, ದವಡೆಯ ಎಕ್ಸ್‌ರೇ ಮಾಡಿಸುತ್ತಿದ್ದರೆ ಗಡ್ಡೆ ಚಿಕ್ಕದಿರುವಾಗಲೇ ಸಿಗುತ್ತದೆ.