ಪರದೆಯ ಮೂಲೆಯ ಸೂಚನೆ

ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮ ಗುಮಾಸ್ತ ಬಂಧುಗಳಲ್ಲಿ ಕಂಪ್ಯೂಟರಿನ ಮುಂದೆ ಕೂರದವರು ಇಂದು ವಿರಳ. ನವಿ ಮುಂಬಯಿಯ ಐರೋಲಿ, ಮಹಾಪೆಗಳ ಕಚೇರಿಗಳಲ್ಲಂತೂ ಅದೇ ಲೇಖಣಿ, ಅದೇ ಖಾತೆಪುಸ್ತಕ. ಅನೇಕ ಹೋಟೆಲುಗಳ ಗಲ್ಲಾದ ಮೇಲೂ ಬಿಲ್ಲುಪುಸ್ತಕವನ್ನು ಸರಿಸಿ ಅದೇ ಬಂದು ಕುಳಿತಿದೆ. ಆದುದರಿಂದ ಪರದೆಯ ಮೇಲೆ ಕರೆಯದೆ ಬಂದು ನಿಲ್ಲುವ ಸೂಚನೆಗಳ ವಿಚಾರ ಕೇವಲ ತಂತ್ರಜ್ಞರಿಗೆ ಸೇರಿದುದೆಂದು ನಾವು ಭಾವಿಸುವುದಿಲ್ಲ.

ಗುಮಾಸ್ತರು ದೃಷ್ಟಿಯನ್ನು ಕಾಗದದ ಮೇಲಿಟ್ಟು ಅಂಕಿಗಳನ್ನು ಒತ್ತುತ್ತಿದ್ದಾರೆ. ನಡುವೆ ಒಂದು ಪೆಟ್ಟಿಗೆ ತಟ್ಟನೆ ತೆರೆದು ಕೀಲಿಮಣೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತೆನ್ನಿ. ಮುಂದಿನ ಸಾಲಿಗೆಂದು ಒತ್ತಿದ ಎಂಟರ್, ಅವರು ಓದದೇ ಇದ್ದ ಪ್ರಶ್ನೆಗೆ ‘ಆಗಲಿ’ ಎಂಬ ಉತ್ತರವಾಗಿಬಿಡುತ್ತದೆ. ಕಂಪ್ಯೂಟರನ್ನು ಈಗಲೇ ನಿಲ್ಲಿಸಿ ಮತ್ತೆ ಆರಂಭಿಸಲೇ ಎಂಬುದು ಆ ಪ್ರಶ್ನೆಯಾಗಿದ್ದರೆ, ಉಳಿಸದ ಲೆಕ್ಕವೂ ಹೋಯಿತು, ಸಂಜೆಯ ಲೋಕಲ್ ಗಾಡಿಯೂ ಹೋಯಿತು. ತಪ್ಪು ಮಾತ್ರ ಗುಮಾಸ್ತರ ಹೆಸರಿನಲ್ಲೇ ಜಮೆಯಾಗುತ್ತದೆ!

ತಯಾರಕರು ಈ ಕೇಡನ್ನು ಅರಿಯದವರಲ್ಲ. ಹಿಂದೆ ಇರುವ ಪ್ರೋಗ್ರಾಂ ತಾನಾಗಿ ಮುಂದಕ್ಕೆ ನುಗ್ಗಬಾರದು, ಕೆಳಪಟ್ಟಿಯಲ್ಲಿರುವ ಅದರ ಗುಂಡಿ ಮಾತ್ರ ಮಿನುಗಬೇಕು ಎಂಬ ನಿರ್ಬಂಧ ವಿಂಡೋಸ್ 98ರಲ್ಲಿಯೇ ಬಂದಿತು. ಆದರೆ ಅದೇ ಕಾಲದಲ್ಲಿ, ಅದೇ ಕಂಪನಿಯ ಆಫೀಸ್ 97ರಲ್ಲಿ, ಕ್ಲಿಪ್ಪಿ ಎಂಬ ಕಾಗದದ ಕ್ಲಿಪ್ಪಿನ ಬೊಂಬೆಯೊಂದಿತ್ತು. ಪತ್ರದ ಮೊದಲ ಸಾಲು ಬರೆಯುವುದೇ ತಡ, ಸಹಾಯ ಬೇಕೇ ಎಂದು ಕಣ್ಣರಳಿಸಿಕೊಂಡು ಬರುತ್ತಿತ್ತು. ದಿನಕ್ಕೆ ನಲವತ್ತು ಪತ್ರ ಬರೆಯುವವರಿಗೂ ಅದೇ ಉಪಚಾರ! 2001ರ ಆಫೀಸಿನಲ್ಲಿ ಅದನ್ನು ಮೊದಲೇ ಮರೆಮಾಡಿ ಕೊಟ್ಟರು, 2007ರದರಲ್ಲಿ ತೆಗೆದೇಹಾಕಿದರು.

ಈಗಿನ ಸೂಚನೆಗೆ ‘ಟೋಸ್ಟ್’ ಎಂದು ಹೆಸರು. ಯಂತ್ರದಿಂದ ಬ್ರೆಡ್ಡು ಮೇಲೆದ್ದು ಬರುವಂತೆ ಅದು ಪರದೆಯ ಕೆಳಮೂಲೆಯಿಂದ ಏಳುತ್ತದೆ. ಕೀಲಿಮಣೆಯನ್ನು ಕಸಿಯುವುದಿಲ್ಲ. ವಿಂಡೋಸಿನಲ್ಲಿ, ನಾವು ಬದಲಿಸದಿದ್ದರೆ, ಸಾಮಾನ್ಯವಾಗಿ 5 ಸೆಕೆಂಡು ನಿಂತು ಸರಿಯುತ್ತದೆ. ನುರಿತ ಮಾಣಿಯ ನಡತೆಯೂ ಇದೇ ಅಲ್ಲವೇ? ಗಿರಾಕಿಗಳ ಮಾತಿಗೆ ಅಡ್ಡಬಾರದೆ ಬರಿದಾದ ಲೋಟಕ್ಕೆ ನೀರೆರೆದು ಹೋಗುತ್ತಾನೆ.

ಆದರೆ ಮೆಲ್ಲಗೆ ಬಂದು ಮೆಲ್ಲಗೆ ಹೋದುದೆಲ್ಲ ಒಳ್ಳೆಯದೆನ್ನಲಾಗದು. ಗಲ್ಲಾದಲ್ಲಿರುವವರು ಚಿಲ್ಲರೆ ಎಣಿಸುವಷ್ಟರಲ್ಲಿ ಪಾರ್ಸೆಲ್ ಆರ್ಡರಿನ ಸೂಚನೆ ಬಂದು ಮಾಯವಾದರೆ, ಅಡುಗೆಮನೆಗೆ ಸುದ್ದಿಯೇ ಮುಟ್ಟದು. ಬೈಗುಳ ಮಾತ್ರ ತಪ್ಪದೆ ಮುಟ್ಟುತ್ತದೆ. ಲಿನಕ್ಸ್ ಕಂಪ್ಯೂಟರುಗಳಿಗಾಗಿ ರೂಪಿಸಿದ ನಿಯಮಾವಳಿಯಲ್ಲಿ ಸೂಚನೆಗಳಿಗೆ ಕೆಳಗಿನದು, ಸಾಧಾರಣ, ತುರ್ತು ಎಂದು ಮೂರು ದರ್ಜೆಗಳಿವೆ. ತುರ್ತಿನದು ತಾನಾಗಿ ಮರೆಯಾಗಕೂಡದು, ಓದುವವರು ಕಳುಹಿಸಿದ ಮೇಲೆಯೇ ಹೋಗಬೇಕು. ಈ ಏರ್ಪಾಡು ನಮಗೆ ಬಹಳ ಸರಿಯೆನಿಸುತ್ತದೆ. ತೊಡಕಿರುವುದು ದರ್ಜೆ ಕೊಡುವ ಕೈಯಲ್ಲಿ. ಕಳುಹಿಸುವವರಿಗೆ ತಮ್ಮ ರಿಯಾಯಿತಿಯ ಜಾಹೀರಾತೂ ತುರ್ತೇ! ತಿಳಿಯದೆ ಹೋದರೆ ಓದುವವರಿಗೆ ಆಗುವ ನಷ್ಟವೆಷ್ಟು ಎಂಬುದರ ಮೇಲೆಯೇ ದರ್ಜೆ ನಿಲ್ಲಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದೂ ಸ್ವಲ್ಪವಿದೆ. ವಿಂಡೋಸ್ 11ರಲ್ಲಿ ವಿಂಡೋಸ್ ಕೀಲಿಯೊಡನೆ ಎನ್ ಒತ್ತಿದರೆ ಬಂದ ಸೂಚನೆಗಳ ಪಟ್ಟಿ ತೆರೆಯುತ್ತದೆ. ಅಲ್ಲಿನ ಗಂಟೆಯ ಚಿತ್ರವನ್ನು ಒತ್ತಿದರೆ ಹೊಸವು ಪರದೆಗೆ ಏಳದೆ ಆ ಪಟ್ಟಿಯಲ್ಲೇ ಕಾದಿರುತ್ತವೆ. ಹೋಟೆಲಿನವರು ಹಾಗೆ ಮಾಡುವ ಮುನ್ನ ಸೆಟ್ಟಿಂಗ್ಸಿಗೆ ಹೋಗಿ, ಆರ್ಡರ್ ತರುವ ಪ್ರೋಗ್ರಾಮನ್ನು ಆದ್ಯತೆಯ ಪಟ್ಟಿಗೆ ಸೇರಿಸಿಕೊಳ್ಳಬೇಕು.